ಗೋಡೆಗೆ ಹಾಕೋ ಕೌದಿಗೆ ಯಾವುದು ಸರಿ: ಹಾಲಿನ ಕವರ್ರಾ, ಗಾರ್ಮೆಂಟ್ ಚಿಂದಿನಾ, ಹಳೇ ಸೀರೆನಾ?

ಮೊದಲೇ ಹೇಳ್ಬಿಡ್ತೀನಿ, ಹಳೇ ಕಾಟನ್ ಸೀರೆ ಸಿಗೋ ಹಾಗಿದ್ರೆ ಬೇರೆ ಯಾವುದಕ್ಕೂ ದುಡ್ಡು ಹಾಕ್ಬೇಡಿ. ಮೂರೂ ಬೆಂಗಳೂರಲ್ಲಿ ದಿನಾ ಕಸಕ್ಕೆ ಹೋಗೋ ಸಾಮಾನೇ, ಹೊಲಿಗೆ ಮಾತ್ರ ನಮ್ಮವ್ವ ಕಲಿಸಿದ್ದು, ಪದರದ ಮೇಲೆ ಪದರ ಇಟ್ಟು ಕೈಯಲ್ಲೇ ಒತ್ತೊತ್ತಾಗಿ ಹಾಕೋ ಸಾಲು.

ಹಾಲಿನ ಕವರ್ ನೋಡೋಕೆ ಎಷ್ಟು ಚಂದ ಅಂದ್ರೆ, ನಂದಿನಿ ಟೋನ್ಡ್ ಹಾಲಿನ ಆ ನೀಲಿ ಯಾವ ಬಟ್ಟೇಲೂ ನಂಗೆ ಸಿಕ್ಕಿಲ್ಲ. ಆದ್ರೆ ಸೂಜಿ ಚುಚ್ಚಿದ ತೂತು ತೂತಾಗೇ ಉಳಿಯುತ್ತೆ. ಬಟ್ಟೇಲಿ ಸೂಜಿ ಎಳೆ ಸರಿಸ್ಕೊಂಡು ಹೋಗುತ್ತೆ, ಹೊಲಿಗೆ ಬಿಚ್ಚಿದ್ರೂ ಉಗುರಲ್ಲಿ ಒಂದ್ಸಲ ಉಜ್ಜಿದ್ರೆ ಎಳೆ ಮತ್ತೆ ಕೂಡ್ಕೊಳ್ಳುತ್ತೆ. ಕವರ್‌ನಲ್ಲಿ ಕೂಡ್ಕೊಳ್ಳೋಕೆ ಎಳೆಯೇ ಇಲ್ವಲ್ಲ! ಹೊಲಿಗೆ ಒತ್ತಾದಷ್ಟೂ ಆ ಸಾಲು ರಸೀದಿ ಪುಸ್ತಕದ ಹರಿಯೋ ಗೆರೆ ಥರ ಆಗ್ಬಿಡುತ್ತೆ, ಗೋಡೆಗೆ ತೂಗುಹಾಕಿದ ಮೇಲೆ ನಂದು ಅದರ ಭಾರಕ್ಕೆ ಅದೇ ಮೇಲಿನ ಸಾಲಿಂದ ಹರೀತಾ ಬಂತು.

ಆಮೇಲೆ ಬಟರ್ ಪೇಪರ್ ನಡುವೆ ಇಟ್ಟು ಇಸ್ತ್ರಿ ಹಾಕಿ ನಾಲ್ಕೈದು ಪದರ ಅಂಟಿಸಿದೆ. ಗಟ್ಟಿಯೇನೋ ಆಯ್ತು, ಆದ್ರೆ ಸೂಜಿ ಇಳಿಸೋಕೆ ಬೆರಳು ನೋವು, ಇಸ್ತ್ರಿ ಸ್ವಲ್ಪ ಜಾಸ್ತಿ ಬಿಸಿಯಾದ್ರೂ ಮುದುಡ್ಕೊಳ್ಳುತ್ತೆ, ಕಿಟಕಿ ತೆಗೀದೆ ಆ ವಾಸನೇಲಿ ಕೂರೋಕಾಗಲ್ಲ. ಮೂಲೇಲಿ ಹಾಲಿನ ಜಿಡ್ಡು ಉಳಿದ್ರೆ ಇರುವೆ ಬೇರೆ.

ಗಾರ್ಮೆಂಟ್ ಚಿಂದಿ ಕೆಜಿ ಲೆಕ್ಕದಲ್ಲಿ ತಂದೆ. ಕಾಟನ್ ಅಂತ ಕೊಟ್ಟ ಮೂಟೇಲಿ ಅರ್ಧಕ್ಕರ್ಧ ಪಾಲಿಯೆಸ್ಟರ್. ತಗೊಳ್ಳೋ ಮುಂಚೆ ಒಂದೆಳೆ ಸುಟ್ಟು ನೋಡಿ, ಕಾಟನ್ ಆದ್ರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತೆ. ಟೀಶರ್ಟ್ ಬಟ್ಟೆ ಎಳೆದಂಗೆ ಹಿಗ್ಗುತ್ತೆ, ಸಾಲು ನೆಟ್ಟಗೆ ಬರಲ್ಲ.

ಸೀರೆಗೆ ಈ ಯಾವ ತಾಪತ್ರಯನೂ ಇಲ್ಲ. ಒಗೆದೊಗೆದು ಮೆತ್ತಗಾಗಿರುತ್ತೆ, ಐದಾರು ಪದರ ಇದ್ರೂ ಸೂಜಿ ಸಲೀಸಾಗಿ ಇಳಿಯುತ್ತೆ, ಸೆರಗನ್ನ ಅಂಚಿಗೆ ಹಾಕಿದ್ರೆ ಬಾರ್ಡರ್ ಕೆಲಸನೂ ಮುಗೀತು. ನಂಗೆ ಮಷೀನ್ ಇಲ್ಲ, ರಾತ್ರಿ ಊಟ ಆದ್ಮೇಲೆ ಕೂತು ಹೊಲಿಯೋಳು, ಖರ್ಚು ಅಂದ್ರೆ ದಾರದ್ದೊಂದೇ. ಅಕ್ಕಪಕ್ಕದ ಮನೆಯವರು ಹಳೇ ಬಟ್ಟೆ ಪಾತ್ರೆಯವನಿಗೆ ಹಾಕೋ ಮುಂಚೆ ಒಂದು ಮಾತು ಕೇಳಿ, ಖುಷಿಯಿಂದ ಕೊಡ್ತಾರೆ.

ಆ ನೀಲಿ ಮಾತ್ರ ಬಿಡೋಕೆ ಮನಸ್ಸಿಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಸಮುದಾಯದ ಹೆಂಗಸರು ಕೌದಿಯ ನಾಲ್ಕು ಮೂಲೆಗೂ ಬಟ್ಟೆ ಮಡಚಿ ತ್ರಿಕೋನದ ಫುಲ, ಅಂದ್ರೆ ಹೂವು, ಇಡ್ತಾರೆ, ಅದಿಲ್ದೆ ಅವರ ಕೌದಿ ಪೂರ್ತಿ ಆಗಲ್ಲ. ಅದನ್ನ ನೋಡಿ ಈಗ ಮೂಲೆಗಳಿಗಷ್ಟೇ ಕವರ್ ಹಾಕ್ತಿದೀನಿ, ಮೇಲೆ ಕೆಳಗೆ ಬಟ್ಟೆ ಕೊಟ್ಟು ನಡುವೆ ನೀಲಿ ಇಣುಕೋ ಹಾಗೆ, ಹೊಲಿಗೆ ಬಟ್ಟೆ ಮೇಲೆ ಮಾತ್ರ.