ಎಡಗಾಲಿಗೆ ಸಿಕ್ಕ ಬಿಡುವು: ಡಾಗ್ ಗೇರ್‌ಬಾಕ್ಸ್ ಜೊತೆ ಕೆಲವು ಸೀಸನ್

ನನ್ನ ಹಳೆಯ ಹೋಂಡಾ ಸಿಟಿ ವಿಟೆಕ್‌ಗೆ, ಓಡುತ್ತಿರುವಾಗ ಕ್ಲಚ್ ತುಳಿಯದೆಯೇ ಗೇರ್ ಬದಲಿಸಬಹುದಾದ ಡಾಗ್ ಗೇರ್ ಸೆಟ್ ಹಾಕಿಸಿ ಕೆಲವು ಸೀಸನ್‌ಗಳಾದವು. ಚಿಕ್ಕಮಗಳೂರು ಕಡೆಯ ಎಸ್ಟೇಟ್ ಮಣ್ಣುದಾರಿ, ಬಯಲಿನ ಆಟೋಕ್ರಾಸ್, ಅಪರೂಪಕ್ಕೆ ಡಾಂಬರಿನ ಟ್ರ್ಯಾಕ್, ಎಲ್ಲ ಕಡೆ ಓಡಿಸಿದ್ದೇನೆ. ಹಾಕಿಸಬೇಕು ಅಂದುಕೊಂಡವರು ಮೊದಲು ಕೇಳುವುದು ಸ್ಟೇಜ್ ಟೈಮ್, ಅಂದರೆ ರ‍್ಯಾಲಿಯ ಒಂದೊಂದು ಹಂತದ ದಾರಿ ಮುಗಿಸುವ ಸಮಯ, ಎಷ್ಟು ಇಳಿಯಿತು ಅಂತ. ಗೇರ್ ಬದಲಿಸುವಾಗ ಉಳಿಯುವ ಸಮಯ ನಿಜವೇ, ಆದರೆ ನನ್ನ ಮಟ್ಟದ ಸ್ಪರ್ಧಿಗೆ ಅದು ಎರಡನೇ ಲಾಭ. ಕ್ಲಚ್ ತುಳಿಯುವ ಕೆಲಸ ಹೋಗಿದ್ದರಿಂದ ಎಡಗಾಲು ಸ್ಟೇಜ್ ಉದ್ದಕ್ಕೂ ಬ್ರೇಕ್ ಪೆಡಲ್ ಮೇಲೆ ಇರಬಹುದು. ಮಣ್ಣಿನಲ್ಲಿ ಮುಂದಿನ ಚಕ್ರ ಎಳೆಯುವ ಕಾರು ಓಡಿಸುವವನಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಇನ್ನೊಂದಿಲ್ಲ.

ನನ್ನದು ಲಿವರ್ ಹಿಂದೆ ಮುಂದೆ ಎಳೆದು ಒಂದೊಂದೇ ಗೇರ್ ಬದಲಿಸುವ ಸೀಕ್ವೆನ್ಷಿಯಲ್ ಅಲ್ಲ. ಕಂಪನಿಯ ಹೊರಕವಚದೊಳಗೇ ಕೂರುವ, ಮಾಮೂಲಿ ಎಚ್ ಮಾದರಿಯ ಐದು ಗೇರ್. ಲಿವರ್ ನೋಡಿದರೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ಇರುವುದೆಲ್ಲ ಒಳಗೆ.

ಮಾಮೂಲಿ ಗೇರ್‌ಬಾಕ್ಸ್‌ನಲ್ಲೂ ಮುಂದಿನ ಗೇರ್‌ಗಳ ಹಲ್ಲುಗಳು ಸದಾ ಒಂದಕ್ಕೊಂದು ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ನಾವು ಲಿವರ್ ತಳ್ಳಿದಾಗ ಗೇರ್ ಜರುಗುವುದಿಲ್ಲ. ಅದನ್ನು ಶಾಫ್ಟ್‌ಗೆ ಬಿಗಿಯುವ ಸ್ಲೀವ್ ಜರುಗುತ್ತದೆ. ಬಿಗಿಯುವ ಮುನ್ನ ಶಾಫ್ಟ್ ಮತ್ತು ಗೇರ್ ಒಂದೇ ವೇಗಕ್ಕೆ ಬರಬೇಕು, ಆ ಕೆಲಸ ಸಿಂಕ್ರೊ ರಿಂಗ್‌ನದು. ಶಂಕುವಿನಾಕಾರದ ಸಣ್ಣ ಮೇಲ್ಮೈಯನ್ನು ಉಜ್ಜಿ ಉಜ್ಜಿ ವೇಗ ಸರಿದೂಗಿಸುತ್ತದೆ, ಅಲ್ಲಿಯವರೆಗೆ ಸ್ಲೀವ್ ಅನ್ನು ತಡೆದು ನಿಲ್ಲಿಸುತ್ತದೆ. ಲಿವರ್ ಜೋರಾಗಿ ತಳ್ಳಿದಾಗ ಕೈಗೆ ಸಿಗುವ ಆ ತಡೆ ಇದೇ. ಕ್ಲಚ್ ಒತ್ತಿದ್ದರೆ ರಿಂಗ್ ತಡೆಯಬೇಕಾದದ್ದು ಒಂದು ಶಾಫ್ಟ್ ಮತ್ತು ಕ್ಲಚ್ ಪ್ಲೇಟ್‌ನ ಭಾರ ಮಾತ್ರ. ಒತ್ತದಿದ್ದರೆ ಇಡೀ ಎಂಜಿನ್ ಮತ್ತು ಅದರ ತುದಿಯ ಭಾರದ ಚಕ್ರವಾದ ಫ್ಲೈವೀಲ್‌ನ ಭಾರ ಅದರ ಮೇಲೆ ಬೀಳುತ್ತದೆ. ಮಾಮೂಲಿ ಕಾರಿನಲ್ಲಿ ಕ್ಲಚ್ ಬಿಟ್ಟು ಗೇರ್ ಹಾಕುವ ಚಟ ಸಿಂಕ್ರೊವನ್ನು ಬೇಗ ತಿನ್ನುವುದು ಇದಕ್ಕೇ.

ಡಾಗ್ ಬಾಕ್ಸ್‌ನಲ್ಲಿ ಈ ರಿಂಗೇ ಇಲ್ಲ. ಸ್ಲೀವ್ ಗೇರ್‌ಗೆ ಕಚ್ಚುವಲ್ಲಿ ಹತ್ತಾರು ಚೂಪು ಹಲ್ಲುಗಳ ಬದಲು ಬೆರಳೆಣಿಕೆಯ ದಪ್ಪ ಹಲ್ಲುಗಳು, ನಡುನಡುವೆ ಅಗಲವಾದ ಜಾಗ. ಈ ದಪ್ಪ ಹಲ್ಲುಗಳೇ ಡಾಗ್. ಎರಡು ಬದಿಯ ವೇಗ ಪೂರ್ತಿ ಸಮವಾಗಬೇಕಿಲ್ಲ. ಸ್ವಲ್ಪ ವ್ಯತ್ಯಾಸ ಇದ್ದರೇ ಒಳ್ಳೆಯದು, ಯಾಕೆಂದರೆ ಪೂರ್ತಿ ಸಮವಾದರೆ ಹಲ್ಲಿನ ಮೇಲೆ ಹಲ್ಲು ಕೂತು ಒಳಗೆ ಇಳಿಯದೆ ನಿಲ್ಲಬಹುದು. ವ್ಯತ್ಯಾಸ ಇದ್ದಾಗ ಮರುಕ್ಷಣವೇ ಸಂದು ಎದುರಾಗುತ್ತದೆ, ಹಲ್ಲು ಅದರೊಳಗೆ ಬೀಳುತ್ತದೆ.

ಹಾಗಾದರೆ ಕ್ಲಚ್ ಇಲ್ಲದೆ ಗೇರ್ ಬಿಡಿಸುವುದು ಹೇಗೆ? ಕೈಯಲ್ಲಿ ಹಿಡಿದು ನೋಡಿದರೆ ಡಾಗ್ ಹಲ್ಲಿನ ಬದಿ ನೇರವಾಗಿಲ್ಲ, ಬುಡದ ಕಡೆಗೆ ಕೆಲವು ಡಿಗ್ರಿ ಒಳಗೆ ಓರೆಯಾಗಿರುತ್ತದೆ. ಎಂಜಿನ್ ಎಳೆಯುತ್ತಿರುವಾಗ ಈ ಓರೆ ಎರಡೂ ಭಾಗಗಳನ್ನು ಇನ್ನಷ್ಟು ಒಳಕ್ಕೆ ಎಳೆದು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಎಷ್ಟು ಬಲ ಹಾಕಿ ಎಳೆದರೂ ಲಿವರ್ ಅಲ್ಲಾಡುವುದಿಲ್ಲ. ಲಿವರ್ ಮೇಲೆ ಮೊದಲೇ ಸ್ವಲ್ಪ ಒತ್ತಡ ಹಾಕಿಟ್ಟು, ಬಲಗಾಲನ್ನು ಆಕ್ಸಿಲರೇಟರ್‌ನಿಂದ ಒಂದು ಕ್ಷಣ ಎತ್ತಬೇಕು. ಎಂಜಿನ್ ಚಕ್ರವನ್ನು ತಳ್ಳುವುದೂ ಇಲ್ಲ, ಚಕ್ರ ಎಂಜಿನ್ ಅನ್ನು ತಳ್ಳುವುದೂ ಇಲ್ಲ, ಅಂಥ ಒಂದು ಚಿಕ್ಕ ಗಳಿಗೆ ಬರುತ್ತದೆ. ಕೈಯಲ್ಲಿದ್ದ ಒತ್ತಡಕ್ಕೇ ಡಾಗ್ ಬಿಟ್ಟುಕೊಂಡು ಮುಂದಿನ ಗೇರ್‌ಗೆ ಹಾರುತ್ತದೆ. ಇಡೀ ವಿದ್ಯೆ ಇಷ್ಟೇ, ಭಾರ ಇಳಿಯುವ ಆ ಗಳಿಗೆಯನ್ನು ಬಲಗಾಲಿನಿಂದ ಹುಟ್ಟಿಸುವುದು. ಕಾಲು ಪೂರ್ತಿ ಎತ್ತಬೇಕಾಗಿಲ್ಲ, ಹೆಚ್ಚು ಹೊತ್ತು ಎತ್ತಿಟ್ಟುಕೊಳ್ಳಲೂ ಬಾರದು.

ಲೆಕ್ಕದಲ್ಲಿ ನೋಡೋಣ. ಎರಡನೇ ಗೇರ್‌ನ ಅನುಪಾತ 2.0, ಮೂರನೆಯದು 1.5 ಅಂದುಕೊಳ್ಳಿ. 6400 ಆರ್‌ಪಿಎಂನಲ್ಲಿ ಮೇಲಕ್ಕೆ ಬದಲಿಸಿದರೆ ಮೂರನೇ ಗೇರ್‌ನಲ್ಲಿ ಎಂಜಿನ್ 4800ಕ್ಕೆ ಬರಬೇಕು. ಕಾಲು ಎತ್ತಿದ ಕ್ಷಣದಲ್ಲಿ ಎಂಜಿನ್ ತಾನಾಗಿ ಇಳಿಯಲು ಶುರುಮಾಡುತ್ತದೆ, ಉಳಿದದ್ದನ್ನು ಡಾಗ್ ಎಳೆದು ತರುತ್ತದೆ. ಆ ಎಳೆತವೇ ಕಾರಿಗೆ ಬೀಳುವ ಧಕ್ಕೆ. ಫ್ಲೈವೀಲ್ ಹಗುರವಾದಷ್ಟೂ ಧಕ್ಕೆ ಕಡಿಮೆ. ಹಾಗಾಗಿ ಗೇರ್ ಸೆಟ್ ಜೊತೆಗೇ ಹಗುರ ಫ್ಲೈವೀಲ್‌ಗೂ ದುಡ್ಡು ಎತ್ತಿಡಿ.

ಕೆಳಗಿನ ಗೇರ್‌ಗೆ ಬರುವಾಗ ಎಲ್ಲವೂ ತಿರುಗುಮುರುಗು. ಬ್ರೇಕ್ ಹಿಡಿದಾಗ ಚಕ್ರಗಳು ಎಂಜಿನ್ ಅನ್ನು ತಿರುಗಿಸುತ್ತಿರುತ್ತವೆ, ಭಾರ ಡಾಗ್‌ನ ಇನ್ನೊಂದು ಬದಿಯ ಮೇಲಿರುತ್ತದೆ. ಅದನ್ನು ಇಳಿಸಲು ಆಕ್ಸಿಲರೇಟರ್ ಒಮ್ಮೆ ಚಿಮ್ಮಿಸಬೇಕು, ನಾವು ಬ್ಲಿಪ್ ಅನ್ನುವುದು ಇದನ್ನೇ. ಒಂದೇ ಚಿಮ್ಮಿಗೆ ಎರಡು ಕೆಲಸ: ಭಾರ ಇಳಿದು ಹಳೆಯ ಗೇರ್ ಬಿಡುತ್ತದೆ, ಎಂಜಿನ್ ಮೇಲೆದ್ದು ಹೊಸ ಗೇರ್‌ನ ವೇಗಕ್ಕೆ ಹತ್ತಿರವಾಗುತ್ತದೆ. ಹಿಂದೆ ಇದಕ್ಕೆ ಬಲಗಾಲಿನ ತುದಿಯಲ್ಲಿ ಬ್ರೇಕ್, ಹಿಮ್ಮಡಿಯಲ್ಲಿ ಆಕ್ಸಿಲರೇಟರ್, ಎಡಗಾಲಲ್ಲಿ ಕ್ಲಚ್ ಎಂಬ ಸರ್ಕಸ್ ಬೇಕಿತ್ತು. ಈಗ ಬ್ರೇಕ್ ಎಡಗಾಲಿನದು, ಬ್ಲಿಪ್ ಬಲಗಾಲಿನದು. ಹೇರ್‌ಪಿನ್‌ಗೆ ಇಳಿಯುವಾಗ ಬ್ರೇಕ್ ಒತ್ತಡ ಒಂಚೂರೂ ಏರುಪೇರಾಗದೆ ನಾಲ್ಕು, ಮೂರು, ಎರಡು ಅಂತ ಗೇರ್ ಇಳಿಸುವ ಖುಷಿ ಅನುಭವಿಸಿಯೇ ತಿಳಿಯಬೇಕು. ತಿರುವಿನ ನಡುವೆ ಮೂತಿ ಹೊರಕ್ಕೆ ಜಾರತೊಡಗಿದರೆ ಆಕ್ಸಿಲರೇಟರ್ ಬಿಡದೆಯೇ ಬ್ರೇಕ್ ಸ್ವಲ್ಪ ತಾಗಿಸಿದರೆ ಸಾಕು. ತೂಕ ಮುಂದಕ್ಕೆ ಬರುತ್ತದೆ, ಹಿಂಭಾಗ ಹಗುರಾಗಿ ತಿರುಗುತ್ತದೆ, ಎಂಜಿನ್ ದಮ್ಮು ಕಳೆದುಕೊಳ್ಳುವುದಿಲ್ಲ. ನನ್ನ ಸಮಯ ಇಳಿದದ್ದು ಬಹುಪಾಲು ಇಲ್ಲೇ ಎಂದು ಖಚಿತವಾಗಿ ಹೇಳಬಲ್ಲೆ.

ಕ್ಲಚ್ ಪೂರ್ತಿ ನಿವೃತ್ತವಲ್ಲ. ಹೊರಡಲು, ನಿಲ್ಲಿಸಲು ಬೇಕೇ ಬೇಕು. ನಿಂತಲ್ಲಿ ಮೊದಲ ಗೇರ್ ಕೂರದಿದ್ದರೆ ಲಿವರ್ ಒತ್ತಿಹಿಡಿದು ಕ್ಲಚ್ ಒಂದಿಷ್ಟು ಸಡಿಲಿಸಿ, ಶಾಫ್ಟ್ ಸ್ವಲ್ಪ ತಿರುಗಿದರೆ ಠಕ್ ಎಂದು ಕೂರುತ್ತದೆ. ಎಂಜಿನ್ ಆಫ್ ಆಯಿತೇನೋ, ಗೇರ್ ಮುರಿಯಿತೇನೋ ಅಂತ ಹೆದರಬೇಕಿಲ್ಲ. ಕಾರು ರಿಪೇರಿಗೆ ನಿಲ್ಲುವ ಸರ್ವಿಸ್ ಪಾರ್ಕ್‌ನಲ್ಲಿ ತೆವಳುವಾಗ ಕಟಕಟ ಜಗ್ಗಾಟ ಇದ್ದೇ ಇರುತ್ತದೆ, ಅಗಲ ಸಂದುಗಳ ನಡುವಿನ ಸಡಿಲವೇ ಅದಕ್ಕೆ ಕಾರಣ. ಕೊಯ್ಯುವಂಥ ಸದ್ದು ಬರುವುದಾದರೆ ಅದು ಡಾಗ್‌ನಿಂದಲ್ಲ, ಗೇರ್ ಹಲ್ಲು ನೇರವಾಗಿ ಕತ್ತರಿಸಿರುವುದರಿಂದ. ಓರೆ ಹಲ್ಲಿನ ಡಾಗ್ ಸೆಟ್‌ಗಳೂ ಸಿಗುತ್ತವೆ, ನನ್ನದು ನೇರ ಹಲ್ಲಿನದು. ಒಳ್ಳೆಯ ಇಂಟರ್‌ಕಾಮ್ ಇಲ್ಲದಿದ್ದರೆ ಪಕ್ಕದಲ್ಲಿ ಕೂತ ಕೋ-ಡ್ರೈವರ್ ಓದುವ ದಾರಿಯ ನೋಟ್ಸ್ ಕಿವಿಗೆ ಬೀಳುವುದಿಲ್ಲ.

ಕಲಿಯಲು ಕಾರೇ ಬೇಕಾಗಿಲ್ಲ. ನಮ್ಮೆಲ್ಲರ ಮನೆಯ ಗೇರ್ ಬೈಕ್‌ಗಳಲ್ಲಿ ಇರುವುದೂ ಡಾಗ್ ಗೇರ್‌ಬಾಕ್ಸೇ. ಗೇರ್ ಪೆಡಲ್ ಮೇಲೆ ಕಾಲಿನ ಒತ್ತಡ ಇಟ್ಟು ಥ್ರಾಟಲ್ ಕ್ಷಣಕಾಲ ಮುಚ್ಚಿದರೆ ಮೇಲಿನ ಗೇರ್ ಬೀಳುವುದು ಇದೇ ತತ್ವಕ್ಕೆ. ಕ್ವಿಕ್‌ಶಿಫ್ಟರ್ ಇದ್ದ ಬೈಕ್‌ನಲ್ಲಿ ಆ ಮುಚ್ಚುವ ಕೆಲಸವನ್ನು ಸೆನ್ಸರ್ ನೋಡಿಕೊಂಡು, ಇಗ್ನಿಷನ್ ಅನ್ನು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಕಡಿಯುತ್ತದೆ. ರೇಸ್ ಕಾರಿನ ಲಿವರ್‌ನಲ್ಲೂ ಇದೇ ಬಗೆಯ ಸೆನ್ಸರ್ ಹಾಕುತ್ತಾರೆ. ನಮ್ಮ ದೇಶದ ಗೌರವ್ ಗಿಲ್ 2016 ಮತ್ತು 2017ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್ ಆದ ಸ್ಕೋಡಾ ಫೇಬಿಯಾ ಆರ್5ನಲ್ಲಿ ಐದು ಗೇರ್‌ನ ಸೀಕ್ವೆನ್ಷಿಯಲ್ ಬಾಕ್ಸ್ ಇತ್ತು. ಒಳಗಿನ ಡಾಗ್ ಅದೇ. ಡಾಗ್ ಜರುಗಿಸುವ ಫೋರ್ಕ್‌ಗಳನ್ನು ಓಡಿಸುವುದು ಮಾತ್ರ ತೋಡು ಕೊರೆದ ಉರುಳೆ, ಹಾಗಾಗಿ ಲಿವರ್ ಹಿಂದೆ ಮುಂದೆ ಎಳೆದರೆ ಸಾಕು, ತಪ್ಪು ಗೇರ್‌ಗೆ ಬೀಳುವ ಭಯವಿಲ್ಲ. ಎಚ್ ಮಾದರಿಯಲ್ಲಿ ಆ ಭಯ ಇದೆ. ಆದರೂ 1980ರ ದಶಕದಲ್ಲಿ ಫಾರ್ಮುಲಾ ಒನ್ ಚಾಲಕರು ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಮೊನಾಕೊ ಬೀದಿಗಳಲ್ಲಿ ಎಚ್ ಲಿವರ್ ಆಡಿಸುತ್ತಿದ್ದರು. ಸ್ಟಿಯರಿಂಗ್ ಹಿಂದಿನ ಪ್ಯಾಡಲ್‌ನಿಂದ ಗೇರ್ ಬದಲಿಸುವ ಫೆರಾರಿ 640 ಬಂದು ಬ್ರೆಜಿಲ್‌ನಲ್ಲಿ ನೈಜೆಲ್ ಮ್ಯಾನ್ಸೆಲ್ ಕೈಯಲ್ಲಿ ಗೆದ್ದದ್ದು 1989ರಲ್ಲಿ.

ಈಗ ಬಾಳಿಕೆ. ಡಾಗ್ ಸವೆಯುವುದು ವೇಗದಿಂದಲ್ಲ, ಅಳುಕಿನಿಂದ. ಸಿಂಕ್ರೊಗೆ ಮರ್ಯಾದೆ ಕೊಟ್ಟಂತೆ ನಿಧಾನವಾಗಿ ಲಿವರ್ ಒತ್ತಿದರೆ ಹಲ್ಲಿನ ಅಂಚುಗಳು ಒಂದಕ್ಕೊಂದು ಬಡಿಯುತ್ತಾ ಗುಂಡಗಾಗುತ್ತವೆ. ಗುಂಡಗಾದ ಹಲ್ಲು ಪೂರ್ತಿ ಭಾರ ಬಿದ್ದಾಗ ಹೊರಕ್ಕೆ ಜಾರುತ್ತದೆ. ಒಂದೇ ಏಟಿಗೆ, ಖಡಕ್ಕಾಗಿ ಹಾಕಬೇಕು. ನನ್ನ ಸೆಟ್‌ನಲ್ಲಿ ಮೊದಲು ಸವೆದದ್ದು ಎರಡು ಮತ್ತು ಮೂರನೆಯ ಗೇರ್‌ಗಳ ಡಾಗ್, ಎಸ್ಟೇಟ್ ದಾರಿಯಲ್ಲಿ ಹೆಚ್ಚು ದುಡಿಯುವುದೂ ಅವೇ. ಪ್ರತಿ ಸ್ಪರ್ಧೆಯ ನಂತರ ಎಣ್ಣೆ ಇಳಿಸಿ ಡ್ರೈನ್ ಪ್ಲಗ್‌ನ ಅಯಸ್ಕಾಂತ ನೋಡುತ್ತೇನೆ. ಬೂದಿಯಂಥ ಪುಡಿ ಸಹಜ. ಉಗುರಿಗೆ ಸಿಗುವ ಚಕ್ಕೆ ಕಂಡರೆ ಬಾಕ್ಸ್ ಬಿಚ್ಚಿಸಲೇಬೇಕು.

ದಿನಾ ಆಫೀಸಿಗೆ ಓಡಿಸುವ ಕಾರಿಗೆ ಇದು ಖಂಡಿತ ಬೇಡ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಅರ್ಧ ಗಂಟೆ ತೆವಳಿದರೆ ನಿಮಗೂ ಕಷ್ಟ, ಡಾಗ್‌ಗೂ ಕಷ್ಟ. ಸ್ಪರ್ಧೆಗೇ ಮೀಸಲಿಟ್ಟ ಕಾರಾದರೆ, ನಿಮ್ಮ ಕ್ಲಾಸ್‌ನ ನಿಯಮದಲ್ಲಿ ಒಪ್ಪಿಗೆ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಮೂಲ ಗೇರ್‌ಬಾಕ್ಸೇ ಇರಬೇಕೆನ್ನುವ ಕ್ಲಾಸ್‌ಗಳಿವೆ. ದುಡ್ಡು ಕೊಡುವ ಮುನ್ನ ಮಾರುವವರನ್ನು ಒಂದು ಪ್ರಶ್ನೆ ಕೇಳಿ: ಡಾಗ್ ರಿಂಗ್ ಬೇರೆಯಾಗಿ ಬದಲಿಸಬಹುದೋ, ಗೇರ್ ಜೊತೆ ಒಂದೇ ತುಂಡೋ? ಒಂದೇ ತುಂಡಾದರೆ ಅಂಚು ಸವೆದಾಗ ಇಡೀ ಗೇರ್ ಕೊಳ್ಳಬೇಕಾಗುತ್ತದೆ. ಹೊರದೇಶದಿಂದ ಬಿಡಿಭಾಗ ಬರುವಷ್ಟರಲ್ಲಿ ಸೀಸನ್ನೇ ಮುಗಿದಿರಬಹುದು, ಆದ್ದರಿಂದ ಎರಡು ಮತ್ತು ಮೂರನೇ ಗೇರ್‌ನ ಡಾಗ್‌ಗಳನ್ನು ಸೆಟ್ ಜೊತೆಗೇ ಇನ್ನೊಂದು ಜೊತೆ ತರಿಸಿಟ್ಟುಕೊಳ್ಳಿ.