ದೊಡ್ಡ ಸ್ಕ್ರೀನಿನ ಆಲ್-ಇನ್-ಒನ್ ತಗೊಳ್ಳೋದಾ, ಚಿಕ್ಕ ಡಬ್ಬ ಮತ್ತೆ ಬೇರೆ ಮಾನಿಟರ್ ತಗೊಳ್ಳೋದಾ? ನಾಲ್ಕನ್ನೂ ಬಳಸಿದ ಮೇಲೆ ನನ್ನ ಲೆಕ್ಕ

ಆಲ್-ಇನ್-ಒನ್, ಅಂದ್ರೆ ಸ್ಕ್ರೀನಿನ ಒಳಗೇ ಕಂಪ್ಯೂಟರ್ ಇರೋದು, ತಗೋಬೇಕು ಅಂತಿರೋರು ಯಾವಾಗ್ಲೂ ಕೇಳೋದು ಪ್ರೊಸೆಸರ್ ಬಗ್ಗೇನೇ, ಐ5 ಸಾಕಾ ಐ7 ಬೇಕಾ, 8 ಜಿಬಿ ರ‍್ಯಾಮಲ್ಲಿ ನಡೆಯತ್ತಾ ಅಂತ. ನಾನು ಹೇಳೋದು ಮೊದಲು ಸ್ಕ್ರೀನ್ ನೋಡಿ ಅಂತ, ಯಾಕಂದ್ರೆ ಅದ್ರಲ್ಲಿ ನೀವು ದಿನಾ ಕಣ್ಣಿಟ್ಟು ಕೂರೋದು ಆ ಸ್ಕ್ರೀನ್ ಮುಂದೆ, ಆಮೇಲೆ ಬೇಡ ಅನ್ನಿಸಿದ್ರೆ ಬದಲಾಯಿಸೋಕೆ ಆಗದೇ ಇರೋದೂ ಅದೇ. ನನ್ನ ಕೆಲಸ ಕನ್ನಡ ಪುಸ್ತಕಗಳ ಪುಟವಿನ್ಯಾಸ ಮತ್ತೆ ಕರಡು ತಿದ್ದೋದು, ಅಂದ್ರೆ ಬೆಳಗಿಂದ ಸಂಜೆವರೆಗೂ ಅಕ್ಷರ ನೋಡೋದು. ಇದೇ ಕೆಲಸಕ್ಕೆ ಬೇರೆ ಬೇರೆ ಕಾಲದಲ್ಲಿ ನಾಲ್ಕು ಥರದ್ದು ಬಳಸಿದೀನಿ: ಒಂದು 27 ಇಂಚಿನ ವಿಂಡೋಸ್ ಆಲ್-ಇನ್-ಒನ್ (ಕಂಪನಿ ಹೆಸರು ಬೇಡ, ಆ ರೇಟಲ್ಲಿ ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ಥರ ಇರತ್ತೆ), ಹಳೇ 27 ಇಂಚಿನ 5ಕೆ ಐಮ್ಯಾಕ್ (ಆಪಲ್ ಕಂಪನಿಯ ಆಲ್-ಇನ್-ಒನ್), ಈಗಿನ 24 ಇಂಚಿನ ಐಮ್ಯಾಕ್, ಆಮೇಲೆ ಮ್ಯಾಕ್ ಮಿನಿ (ಸ್ಕ್ರೀನ್ ಇಲ್ಲದ, ಆಪಲ್ಲಿನ ಚಿಕ್ಕ ಡಬ್ಬದ ಕಂಪ್ಯೂಟರ್) ಜೊತೆ ಬೇರೆ ಕಂಪನಿಯ 27 ಇಂಚಿನ 4ಕೆ ಮಾನಿಟರ್.

ಮೊದಲು ವಿಂಡೋಸ್ ಆಲ್-ಇನ್-ಒನ್. ಅಂಗಡೀಲಿ ನೋಡಿದ್ರೆ ಬಲು ಚಂದ, ಸುತ್ತ ಅಂಚೇ ಇಲ್ಲದ ಸ್ಕ್ರೀನು, ಮೇಲಿಂದ ಪುಟಕ್ಕನೆ ಎದ್ದು ಬರೋ ಕ್ಯಾಮೆರಾ, ಮೇಜಿನ ಮೇಲೆ ಒಂದೇ ಒಂದು ವೈರು. ಆದ್ರೆ ನಮ್ಮಲ್ಲಿ ಸಿಗೋ 27 ಇಂಚಿನ ವಿಂಡೋಸ್ ಆಲ್-ಇನ್-ಒನ್‌ಗಳಲ್ಲಿ ಬಹಳಷ್ಟು ಫುಲ್ ಎಚ್‌ಡಿ, ಅಂದ್ರೆ 1920×1080. 24 ಇಂಚಿಗೂ ಅದೇ ರೆಸಲ್ಯೂಷನ್, 27 ಇಂಚಿಗೂ ಅದೇ. ಸ್ಕ್ರೀನ್ ಹಿಗ್ಗಿತು, ಚುಕ್ಕಿಗಳ ಸಂಖ್ಯೆ ಹಿಗ್ಗಲಿಲ್ಲ, ಹಾಗಾಗಿ ಒಂದು ಇಂಚಿಗೆ ಸುಮಾರು 82 ಪಿಕ್ಸೆಲ್ ಮಾತ್ರ ಸಿಗತ್ತೆ. ಯೂಟ್ಯೂಬ್ ನೋಡೋಕೆ, ಟ್ಯಾಲಿ ಎಂಟ್ರಿ ಮಾಡೋಕೆ ಇದು ಗೊತ್ತೂ ಆಗಲ್ಲ. ಕನ್ನಡ ಅಕ್ಷರಕ್ಕೆ ಬಂದ್ರೆ ಗೊತ್ತಾಗತ್ತೆ.

ಲೆಕ್ಕ ಹೀಗಿದೆ. ಪುಸ್ತಕದ ಅಕ್ಷರ 10 ಪಾಯಿಂಟ್ ಇದೆ ಅಂತಿಟ್ಕೊಳ್ಳಿ, ಇಂಚನ್ನ 72 ಭಾಗ ಮಾಡಿದ್ರೆ ಅದ್ರಲ್ಲಿ 10 ಭಾಗ. ಕಾಗದದ ಅಳತೇಲೇ ಸ್ಕ್ರೀನ್ ಮೇಲೆ ನೋಡಿದ್ರೆ ಆ ಇಡೀ ಸಾಲಿನ ಎತ್ತರಕ್ಕೆ ಸಿಗೋದು ಹನ್ನೊಂದು ಪಿಕ್ಸೆಲ್. ಆ ಹನ್ನೊಂದರಲ್ಲೇ ತಲಕಟ್ಟು, ಗುಡಿಸು, ಅಕ್ಷರದ ಒಡಲು, ಕೆಳಗೆ ಒತ್ತಕ್ಷರ ಎಲ್ಲಾ ಕೂರಬೇಕು. ಇಂಗ್ಲಿಷಿಗೆ ಒತ್ತಕ್ಷರ ಇಲ್ಲ, ಅದು ಹೇಗೋ ಬದುಕ್ಕೊಳತ್ತೆ. ನಮ್ಮ 'ಅರ್ಥ' ಮತ್ತು 'ಅರ್ಧ' ನೋಡಿ, ಥ ಹೊಟ್ಟೆಯೊಳಗಿನ ಚುಕ್ಕಿ ಒಂದು ಪಿಕ್ಸೆಲ್‌ಗಿಂತ ಚಿಕ್ಕದಾಗಿಬಿಡತ್ತೆ, ಸುತ್ತಲಿನ ಬೂದು ಬಣ್ಣದಲ್ಲಿ ಕರಗಿಹೋಗತ್ತೆ, ಎರಡೂ ಪದ ಒಂದೇ ಥರ ಕಾಣತ್ತೆ. ವಿಂಡೋಸಲ್ಲಿರೋ, ಅಕ್ಷರದ ಅಂಚನ್ನ ನುಣುಪು ಮಾಡೋ ಕ್ಲಿಯರ್‌ಟೈಪ್ ಸ್ವಲ್ಪ ಮಟ್ಟಿಗೆ ಸಹಾಯ ಮಾಡತ್ತೆ, ಇಲ್ಲಾ ಅನ್ನಲ್ಲ, ಆದ್ರೆ ಇಲ್ಲದ ಪಿಕ್ಸೆಲ್ಲನ್ನ ಅದು ಎಲ್ಲಿಂದ ತರತ್ತೆ? ಆಗ ಏನ್ಮಾಡ್ತೀವಿ, 150 ಪರ್ಸೆಂಟ್, 200 ಪರ್ಸೆಂಟ್ ಜೂಮ್ ಮಾಡ್ಕೊಂಡು ಕೂರ್ತೀವಿ, ಹಾಗೆ ಮಾಡಿದ ತಕ್ಷಣ ಅರ್ಧ ಪುಟ ಸ್ಕ್ರೀನಿಂದ ಆಚೆ ಹೋಗತ್ತೆ, ದೊಡ್ಡ ಸ್ಕ್ರೀನ್ ತಗೊಂಡಿದ್ದರ ಉದ್ದೇಶವೇ ಅಲ್ಲಿಗೆ ಮುಗೀತು.

ಅದೇ ಕೆಲಸವನ್ನ 5ಕೆ ಐಮ್ಯಾಕಲ್ಲಿ ಮಾಡಿದಾಗಲೇ ದೊಡ್ಡ ಸ್ಕ್ರೀನ್ ಅಂದ್ರೇನು ಅಂತ ನನಗೆ ತಿಳಿದಿದ್ದು. 2014ರ ಅಕ್ಟೋಬರಲ್ಲಿ ಬಂದ ಸ್ಕ್ರೀನದು, 5120×2880, ಅಂದ್ರೆ ಸುಮಾರು 1 ಕೋಟಿ 47 ಲಕ್ಷ ಪಿಕ್ಸೆಲ್, ಫುಲ್ ಎಚ್‌ಡಿಯ ಏಳರಷ್ಟು. ಇಂಚಿಗೆ 218. ಹನ್ನೊಂದು ಪಿಕ್ಸೆಲ್ ಸಿಗ್ತಿದ್ದ ಜಾಗದಲ್ಲಿ ಮೂವತ್ತು. ಡೆಮಿ 1/8 ಪುಸ್ತಕದ ಎದುರುಬದುರು ಎರಡು ಪುಟ ಸೇರಿದ್ರೆ 11 ಇಂಚು ಅಗಲ, ಎಂಟೂವರೆ ಇಂಚು ಎತ್ತರ, ಅದು ಪ್ರಿಂಟಾಗೋ ಅಳತೇಲೇ ನಿಂತು ಪಕ್ಕದಲ್ಲಿ ಪುಟ ಕಟ್ಟೋ ಸಾಫ್ಟ್‌ವೇರ್ ಆದ ಇನ್‌ಡಿಸೈನಿನ ಪ್ಯಾನೆಲ್‌ಗಳೂ ಪೂರ್ತಿ ತೆರೆದಿರತ್ವೆ. 'ಲಕ್ಷ್ಮಿ' ಅಂತ ಬರೆದ್ರೆ ಒತ್ತಿನ ಕೆಳಗಿನ ಒತ್ತೂ ಬಿಡಿಬಿಡಿಯಾಗಿ ಕಾಣತ್ತೆ. ಕರಡಿಗೆ ಅಂತ ಪ್ರಿಂಟ್ ತೆಗೆಯೋದೇ ನನಗೆ ಅರ್ಧಕ್ಕರ್ಧ ಕಮ್ಮಿ ಆಯ್ತು.

ಇನ್ನೊಂದು ಖುಷಿಯ ವಿಷಯ ಆ ಯಂತ್ರದ ರ‍್ಯಾಮ್ ಬಾಗಿಲು. ಹಿಂದುಗಡೆ ಪವರ್ ವೈರ್ ಕಿತ್ತರೆ ಅದು ಕೂರೋ ಗುಂಡಿಯ ಮೇಲ್ಭಾಗದಲ್ಲೇ ಒಂದು ಪುಟ್ಟ ಬಟನ್ ಇದೆ, ಅದನ್ನ ಒಳಕ್ಕೆ ಒತ್ತಿದ್ರೆ ಮೇಲಿನ ಮುಚ್ಚಳ ತೆರ್ಕೊಳತ್ತೆ, ಎರಡು ಲಿವರ್ ಎಳೆದ್ರೆ ನಾಲ್ಕು ಸ್ಲಾಟು ಎದುರಿಗೆ. ವೈರ್ ಕೀಳದೆ ಆ ಬಟನ್ ಕೈಗೇ ಸಿಗಲ್ಲ, ಹಾಗಾಗಿ ಕರೆಂಟ್ ಇರೋವಾಗ ಯಾರೂ ಬಾಗಿಲು ತೆಗೆಯೋಕೆ ಆಗಲ್ಲ, ಎಷ್ಟು ಯೋಚನೆ ಮಾಡಿ ಮಾಡಿದಾರೆ ನೋಡಿ. ಸ್ಕ್ರೂಡ್ರೈವರೇ ಬೇಡ. ಇಷ್ಟು ಸೊಗಸಾದ ಏರ್ಪಾಡನ್ನ ಮುಂದಿನ ಐಮ್ಯಾಕ್‌ಗಳಲ್ಲಿ ಪೂರಾ ತೆಗೆದುಬಿಟ್ರು, ನನಗಂತೂ ಬೇಜಾರಿದೆ.

ಆದ್ರೆ ಇಲ್ಲೇ ಆಲ್-ಇನ್-ಒನ್‌ನ ನಿಜವಾದ ಕಷ್ಟ ಇರೋದು. ಆ 5ಕೆ ಪ್ಯಾನೆಲ್ ಇವತ್ತಿಗೂ ಮಾರ್ಕೆಟಲ್ಲಿರೋ ಬಹಳಷ್ಟು ಮಾನಿಟರ್‌ಗಿಂತ ಚೆನ್ನಾಗಿದೆ, ಅದರ ಹಿಂದಿರೋ ಕಂಪ್ಯೂಟರಿಗೆ ಮಾತ್ರ ವಯಸ್ಸಾಗಿದೆ. ಆಪಲ್ 2022ರ ಮಾರ್ಚಲ್ಲಿ 27 ಇಂಚಿನ ಐಮ್ಯಾಕ್ ನಿಲ್ಲಿಸ್ತು. ಇಂಟೆಲ್ ಮ್ಯಾಕ್‌ಗಳಿಗೆ (ಇದೂ ಇಂಟೆಲ್ಲೇ) ಮ್ಯಾಕ್ ಓಎಸ್ಸಿನ 2025ರ ಟಾಹೋ ಆವೃತ್ತಿಯೇ ಕೊನೆ, ಅದೂ ಈ ಸಾಲಿನಲ್ಲಿ 2020ರ ಮಾಡೆಲ್‌ಗೆ ಮಾತ್ರ ಸಿಗತ್ತೆ. ಸರಿ ಬಿಡು, ಬರೀ ಮಾನಿಟರ್ ಥರ ಬಳಸೋಣ ಅಂದ್ರೆ ಅದೂ ಆಗಲ್ಲ. ಹಳೇ ಐಮ್ಯಾಕ್‌ಗಳಲ್ಲಿ ಟಾರ್ಗೆಟ್ ಡಿಸ್‌ಪ್ಲೇ ಮೋಡ್ ಅಂತ ಒಂದಿತ್ತು, ಬೇರೆ ಮ್ಯಾಕಿಂದ ಕೇಬಲ್ ಚುಚ್ಚಿದ್ರೆ ಸ್ಕ್ರೀನ್ ಆಗಿ ಕೆಲಸ ಮಾಡ್ತಿತ್ತು, 5ಕೆ ಮಾಡೆಲ್ ಬಂದಾಗ ಅದನ್ನ ಕೊಡಲೇ ಇಲ್ಲ. ಕೆಲವರು ಒಳಗಿನ ಬೋರ್ಡೆಲ್ಲಾ ಕಿತ್ತು ಬೇರೆ ಡ್ರೈವರ್ ಬೋರ್ಡ್ ಕೂರಿಸಿ ಮಾನಿಟರ್ ಮಾಡ್ಕೊಳ್ತಾರೆ, ಅದಕ್ಕೆ ಮುಂದಿನ ಗಾಜಿನ ಅಂಟನ್ನ ಕುಯ್ದು ತೆಗೀಬೇಕು, ಕೈಪಳಗಿದವರು ಮಾಡೋ ಕೆಲಸ ಅದು.

ವಿಂಡೋಸ್ ಕಡೆನೂ ಇದೇ ಕಥೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತೆಯ ಚಿಪ್ ಬೇಕು, ಇಂಟೆಲ್ ಆದ್ರೆ ಹೆಚ್ಚುಕಮ್ಮಿ 8ನೇ ಪೀಳಿಗೆಯಿಂದ ಮೇಲಿಂದೇ ಆಗ್ಬೇಕು. ಹಾಗಾಗಿ 7ನೇ ಪೀಳಿಗೆಯ ಆಲ್-ಇನ್-ಒನ್ ಇಟ್ಕೊಂಡಿರೋರ ಸ್ಕ್ರೀನ್ ಚೆನ್ನಾಗೇ ಇದ್ರೂ ಕಂಪ್ಯೂಟರ್ ನಿಯಮದ ಪ್ರಕಾರ ಹಳೇದಾಯ್ತು. ಒಳ್ಳೇ ಮಾನಿಟರ್ ಹತ್ತು ವರ್ಷ ಆರಾಮಾಗಿ ಬರತ್ತೆ, ಕಂಪ್ಯೂಟರ್ ಐದಾರು ವರ್ಷಕ್ಕೆ ಏದುಸಿರು ಬಿಡತ್ತೆ. ಒಂದೇ ನೊಗಕ್ಕೆ ಎತ್ತನ್ನೂ ಕರೂನೂ ಕಟ್ಟಿದ ಹಾಗೆ. ಆಲ್-ಇನ್-ಒನ್ ತಗೊಳ್ಳೋರು ಲೆಕ್ಕ ಹಾಕ್ಬೇಕಾಗಿರೋದು ಇದನ್ನ.

ಕೆಲವು ವಿಂಡೋಸ್ ಮಾಡೆಲ್‌ಗಳಲ್ಲಿ ಎಚ್‌ಡಿಎಂಐ-ಇನ್ ಅಂತ ಇರತ್ತೆ, ಅದಿದ್ರೆ ಮುಂದೆ ಬೇರೆ ಲ್ಯಾಪ್‌ಟಾಪೋ ಚಿಕ್ಕ ಪಿಸಿಯೋ ಚುಚ್ಚಿ ಸ್ಕ್ರೀನನ್ನ ಬಳಸ್ಕೋಬಹುದು. ಬಹಳ ಜನ ಹಿಂದೆ ಎಚ್‌ಡಿಎಂಐ ತೂತು ಕಂಡ ತಕ್ಷಣ ಇದೆ ಅನ್ಕೋತಾರೆ, ಅದು ಸಾಮಾನ್ಯವಾಗಿ ಔಟ್ ಆಗಿರತ್ತೆ, ಇನ್ನೊಂದು ಸ್ಕ್ರೀನಿಗೆ ಕಳಿಸೋಕೆ ಮಾತ್ರ. ಸ್ಪೆಕ್ ಪಟ್ಟೀಲಿ 'ಇನ್' ಅಂತ ಸ್ಪಷ್ಟವಾಗಿ ಬರೆದಿದ್ರೆ ಮಾತ್ರ ನಂಬಿ.

ಈಗ 24 ಇಂಚಿನ ಐಮ್ಯಾಕ್. ಅಳೆದ್ರೆ 23.5 ಇಂಚು, 4480×2520, ಇಂಚಿಗೆ ಅದೇ 218. ದಪ್ಪ ಬರೀ 11.5 ಮಿಲಿಮೀಟರ್, ಒಳ್ಳೇ ಪುಸ್ತಕ ಇದಕ್ಕಿಂತ ದಪ್ಪ ಇರತ್ತೆ. ಅಕ್ಷರ ಅಷ್ಟೇ ಚಂದ, ಸ್ಪೀಕರ್ ನಿಜಕ್ಕೂ ಚೆನ್ನಾಗಿದೆ, 2024ರ ಎಂ4 (ಆಪಲ್ಲೇ ಮಾಡಿದ ಚಿಪ್) ಮಾಡೆಲಿಂದ ಶುರುನೇ 16 ಜಿಬಿ, ಸದ್ದು ಅನ್ನೋದೇ ಇಲ್ಲ. ಎರಡು ಪುಟ ಕೂರತ್ತೆ, ಆದ್ರೆ ಪ್ಯಾನೆಲ್‌ಗಳನ್ನ ಮಡಚಿಡಬೇಕಾಗತ್ತೆ, 27 ಇಂಚಿಂದ ಬಂದೋರಿಗೆ ಮೊದಲ ವಾರ ಇಕ್ಕಟ್ಟು ಅನ್ಸತ್ತೆ. ನನಗೆ ಒಗ್ಗದೇ ಇದ್ದಿದ್ದು ಸ್ಟ್ಯಾಂಡು. ಮುಂದೆ ಹಿಂದೆ ಬಾಗತ್ತೆ, ಮೇಲೆ ಕೆಳಗೆ ಹೋಗಲ್ಲ. ಎತ್ತರ ಇರೋರು ಕೆಳಗೆ ನಿಘಂಟು ಇಡ್ಬೇಕು, ಇಲ್ಲಾ ಕತ್ತು ಬಗ್ಗಿಸ್ಕೊಂಡು ಕೂರ್ಬೇಕು. ಗೋಡೆಗೋ ತೋಳಿಗೋ ಸಿಕ್ಕಿಸೋ ವೆಸಾ ಮೌಂಟಿನ ಮಾಡೆಲ್ ಇದೆ, ಅದನ್ನ ಕೊಳ್ಳೋವಾಗಲೇ ಆರಿಸ್ಬೇಕು, ಆಮೇಲೆ ಬದಲಾಯಿಸೋಕೆ ಆಗಲ್ಲ. ಗಾಜು ಫಳಫಳ ಅನ್ನತ್ತೆ, ಬೆನ್ನ ಹಿಂದೆ ಕಿಟಕಿ ಇದ್ರೆ ಇಡೀ ಕಿಟಕಿ ಪುಟದ ಮೇಲೆ ಕಾಣತ್ತೆ. ಈ ಪ್ರತಿಬಿಂಬ ಕಮ್ಮಿ ಮಾಡೋ ನ್ಯಾನೋ ಟೆಕ್ಸ್ಚರ್ ಗಾಜು ಬೇಕು ಅಂದ್ರೆ ಮೇಲಿನ ಮಾಡೆಲ್ ತಗೊಂಡು ಬೇರೆ ದುಡ್ಡು ಕೊಡ್ಬೇಕು.

ಕನ್ನಡದೋರಿಗೆ ಇನ್ನೊಂದು ತೊಡಕು. ಹಳೇ ಪ್ರೆಸ್‌ಗಳು, ಸರ್ಕಾರಿ ಕಚೇರಿಗಳಿಂದ ಇನ್ನೂ ನುಡಿ, ಬರಹದ ಆಸ್ಕಿ (ಯೂನಿಕೋಡ್ ಅಲ್ಲದ ಹಳೇ ಥರದ) ಫೈಲುಗಳು ಬರ್ತಾನೇ ಇರತ್ವೆ. ಇಂಟೆಲ್ ಐಮ್ಯಾಕಲ್ಲಿ ಬೂಟ್ ಕ್ಯಾಂಪ್ ಇತ್ತು, ವಿಂಡೋಸ್ ಹಾಕ್ಕೊಂಡು ನುಡಿ ನಡೆಸ್ತಿದ್ವಿ. ಎಂ ಸರಣಿಯ ಚಿಪ್ಪಲ್ಲಿ ಬೂಟ್ ಕ್ಯಾಂಪ್ ಇಲ್ಲ, ವರ್ಚುವಲ್ ಮಷೀನಲ್ಲಿ ಎಆರ್‌ಎಂ ವಿಂಡೋಸ್ ಹಾಕ್ಕೋಬೇಕು, ಇಲ್ಲಾಂದ್ರೆ ಮೊದಲೇ ಯೂನಿಕೋಡಿಗೆ ಪರಿವರ್ತನೆ ಮಾಡ್ಕೋಬೇಕು. ನಿಮ್ಮ ದಿನದ ಕೆಲಸವೇ ನುಡೀಲಿ ಅಂದ್ರೆ ಸುಮ್ನೆ ವಿಂಡೋಸ್ ಕಡೆಗೇ ಹೋಗಿ, ಹಿಂದೆಮುಂದೆ ನೋಡ್ಬೇಡಿ.

ಕೊನೇದು ಮ್ಯಾಕ್ ಮಿನಿ ಮತ್ತು 4ಕೆ ಮಾನಿಟರ್, ನಾನು ಈಗ ಬಳಸ್ತಿರೋದು. ಎಂ4 ಮಿನಿ ಐದಿಂಚು ಚೌಕದ ಡಬ್ಬ, ಬಿಡುಗಡೆ ಆದಾಗ ಇಲ್ಲಿ ₹59,900 ಇತ್ತು, ಎಂ4 ಐಮ್ಯಾಕ್ ಆಗ ₹1,34,900ರಿಂದ ಶುರುವಾಗ್ತಿತ್ತು. ಮಧ್ಯದ 75 ಸಾವಿರದಲ್ಲಿ ಒಳ್ಳೇ 27 ಇಂಚಿನ 4ಕೆ ಮಾನಿಟರ್, ಕೀಬೋರ್ಡ್, ಮೌಸ್, ಯುಪಿಎಸ್ ಎಲ್ಲಾ ಬಂದು ಇನ್ನೂ ಉಳಿಯತ್ತೆ. 4ಕೆ ಅಂದ್ರೆ ಇಂಚಿಗೆ 163, ಅಂದ್ರೆ ನಮ್ಮ 10 ಪಾಯಿಂಟಿಗೆ ಹೆಚ್ಚುಕಮ್ಮಿ ಇಪ್ಪತ್ತಮೂರು ಪಿಕ್ಸೆಲ್. ಥ ಚುಕ್ಕಿ ಕಾಣತ್ತೆ. 5ಕೆ ಅಷ್ಟು ಕೆತ್ತಿದ ಹಾಗೆ ಇರಲ್ಲ, ಪಕ್ಕದಲ್ಲಿಟ್ಟು ನೋಡಿದ್ರೆ ಒಂಚೂರು ಮೆದು ಅನ್ಸತ್ತೆ, ಯಾಕಂದ್ರೆ ಮ್ಯಾಕ್ ಒಳಗೆ 5ಕೆ ಲೆಕ್ಕದಲ್ಲಿ ಬರೆದು ಅದನ್ನ 4ಕೆಗೆ ಕುಗ್ಗಿಸತ್ತೆ. ಕಮ್ಮಿಗೆ ಸಿಗತ್ತೆ ಅಂತ 1440ಪಿ (2560×1440) ಮಾನಿಟರ್ ಮಾತ್ರ ಮ್ಯಾಕಿಗೆ ತಗೋಬೇಡಿ, 2018ರ ಮೊಹಾವೆ ಆವೃತ್ತಿಯಿಂದ ಮ್ಯಾಕ್ ಸಬ್‌ಪಿಕ್ಸೆಲ್ ನುಣುಪು (ಕ್ಲಿಯರ್‌ಟೈಪ್ ಥರದ್ದು) ಕೊಡೋದು ಬಿಟ್ಟಿದೆ, ಕನ್ನಡ ಅಕ್ಷರ ಸವೆದುಹೋದ ಹಾಗೆ ಕಾಣತ್ತೆ. ಅದೇ ಮಾನಿಟರ್ ವಿಂಡೋಸಿಗೆ ಪರವಾಗಿಲ್ಲ.

ಸೋತಿದ್ದು ಎಲ್ಲಿ ಅಂದ್ರೆ ಅಚ್ಚುಕಟ್ಟಿನಲ್ಲಿ. ಮಾನಿಟರಿಗೊಂದು ವೈರು, ಮಿನಿಗೊಂದು, ಮಧ್ಯ ಒಂದು, ಕ್ಯಾಮೆರಾ ಬೇರೆ, ಸ್ಪೀಕರ್ ಬೇರೆ, ಯಾಕಂದ್ರೆ ಮಿನಿ ಒಳಗಿರೋ ಸ್ಪೀಕರ್ ಟಣ್ ಅನ್ನೋ ಸದ್ದಿಗೆ ಮಾತ್ರ ಸರಿ. ಪವರ್ ಬಟನ್ ಡಬ್ಬದ ಅಡಿಯಲ್ಲಿದೆ. ರ‍್ಯಾಮ್ ಇದ್ರಲ್ಲೂ ಹಾಕೋಕಾಗಲ್ಲ. ಆದ್ರೆ ಮಾನಿಟರ್ ಮೇಲೆ ಕೆಳಗೆ ಸರಿಯತ್ತೆ, 90 ಡಿಗ್ರಿ ತಿರುಗಿಸಿ ಉದ್ದಕ್ಕೆ ನಿಲ್ಲಿಸಿ ಉದ್ದನೆ ಕರಡನ್ನ ಒಂದೇ ನೋಟಕ್ಕೆ ಓದಬಹುದು, ಇದನ್ನ ಯಾವ ಐಮ್ಯಾಕ್ ಸ್ಟ್ಯಾಂಡೂ ಕೊಡಲ್ಲ.

ರಿಪೇರಿ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಬೆಂಗಳೂರಿಂದ ಆಚೆ ಇರೋರಿಗೆ ಇದು ಮುಖ್ಯ. ನಾನು ಬಳಸ್ತಿದ್ದ ವಿಂಡೋಸ್ ಆಲ್-ಇನ್-ಒನ್ ಒಂದು ಮುಂಗಾರು ಶುರುವಿನ ಗುಡುಗು ಸಿಡಿಲಲ್ಲಿ ಸತ್ತೋಯ್ತು, ಮದರ್‌ಬೋರ್ಡ್ ಹೋಗಿದೆ ಅಂದ್ರು, ಅದು ಆ ಮಾಡೆಲ್‌ಗೇ ಮಾಡಿದ ಬೋರ್ಡು, ಬೇರೇದು ಕೂರಲ್ಲ, ತರಿಸೋಕೆ ವಾರಗಟ್ಟಲೆ ಕಾಯೋದಾಯ್ತು, ಅಷ್ಟೂ ದಿನ ಒಳ್ಳೇ ಸ್ಕ್ರೀನ್ ಕಣ್ಣೆದುರಿಗೇ ಇದ್ದೂ ಕಪ್ಪಗೆ ಕೂತಿತ್ತು, ಅತ್ತ ಪ್ರಕಾಶಕರಿಗೆ ಕೊಟ್ಟ ತಾರೀಕು ಹತ್ರ ಬರ್ತಿತ್ತು. ಬೇರೆ ಬೇರೆ ಇದ್ದಿದ್ರೆ ಎಸ್‌ಪಿ ರೋಡಿಂದ (ಬೆಂಗಳೂರಿನ ಕಂಪ್ಯೂಟರ್ ಮಾರ್ಕೆಟ್) ಒಂದು ಮಿನಿ ಪಿಸಿ ತರಿಸಿ ಮಾರನೇ ದಿನ ಕೆಲಸ ಶುರು ಮಾಡಬಹುದಿತ್ತು, ಮಾನಿಟರ್ ಹೋದ್ರೆ ತಾತ್ಕಾಲಿಕವಾಗಿ ಟಿವಿಗಾದ್ರೂ ಚುಚ್ಚಬಹುದು. ಯಾವುದೇ ತಗೊಳ್ಳಿ, ಅರ್ತಿಂಗ್ ಸರಿ ಇದ್ಯಾ ಅಂತ ಎಲೆಕ್ಟ್ರಿಷಿಯನ್ ಹತ್ರ ಮೊದಲು ನೋಡ್ಸಿ, ಸಿಡಿಲು ಬರೋವಾಗ ಪ್ಲಗ್ಗಿನ ಜೊತೆ ಇಂಟರ್ನೆಟ್ಟಿನ ಲ್ಯಾನ್ ವೈರನ್ನೂ ಕಿತ್ತಿಡಿ, ತುಂಬಾ ಜನ ಅದನ್ನ ಮರೀತಾರೆ. ಕರೆಂಟ್ ಹೋಗೋ ಊರಲ್ಲಿ ಮಾತ್ರ ಆಲ್-ಇನ್-ಒನ್‌ಗೆ ಒಂದು ಮೇಲುಗೈ ಇದೆ, ಒಳಗಿರೋದು ಬಹುತೇಕ ಲ್ಯಾಪ್‌ಟಾಪಿನ ಚಿಪ್ಪೇ ಆದ್ರಿಂದ ದೊಡ್ಡ ಟವರ್ ಪಿಸಿಗಿಂತ ಕಮ್ಮಿ ಎಳೆಯತ್ತೆ, ಒಂದು 600 ವಿಎ ಯುಪಿಎಸ್ಸಲ್ಲಿ ಸೇವ್ ಮಾಡಿ ಮುಗಿಸೋಕೆ ಸಮಯ ಸಿಗತ್ತೆ. ಮಿನಿ ಡಬ್ಬಗಳೂ ಇದ್ರಲ್ಲಿ ಹಿಂದೆ ಬೀಳಲ್ಲ.

ಹಾಗಾದ್ರೆ ಆಲ್-ಇನ್-ಒನ್ ಯಾರಿಗೆ? ಕ್ಲಿನಿಕ್ಕಿನ ರಿಸೆಪ್ಷನ್ನಿಗೆ, ಅಂಗಡಿ ಗಲ್ಲಾಕ್ಕೆ, ಮೊಮ್ಮಕ್ಕಳ ಜೊತೆ ವಿಡಿಯೋ ಕಾಲ್ ಮಾಡೋ ಅಪ್ಪ ಅಮ್ಮಂಗೆ. ಅವರಿಗೆ ಒಂದೇ ವೈರು, ಒಂದೇ ಬಟನ್ನು, ಎದುರಿಗೇ ಕ್ಯಾಮೆರಾ ಇರೋದು ದೊಡ್ಡ ಸುಖ, ಅಲ್ಲಿಗೆ 24 ಇಂಚಿನ ಫುಲ್ ಎಚ್‌ಡಿ ಧಾರಾಳ ಸಾಕು, 27ಕ್ಕೆ ಹೋಗೋ ದುಡ್ಡನ್ನ ಎಸ್‌ಎಸ್‌ಡಿಗೋ ರ‍್ಯಾಮಿಗೋ ಹಾಕಿ. ದುಡ್ಡಿದ್ದು ಮೇಜು ಚಂದ ಕಾಣ್ಲೇಬೇಕು ಅನ್ನೋರಿಗೆ 24ರ ಐಮ್ಯಾಕ್. ದಿನಪೂರ್ತಿ ಕನ್ನಡ ಓದಿ ಬರೆಯೋರು, ಪುಟ ಕಟ್ಟೋರು ಬೇರೆ ಡಬ್ಬ, ಬೇರೆ 4ಕೆ ಮಾನಿಟರ್ ತಗೊಳ್ಳಿ. ಸೆಕೆಂಡ್ ಹ್ಯಾಂಡಲ್ಲಿ 5ಕೆ ಐಮ್ಯಾಕ್ ಸಿಕ್ತಿದೆ ಅಂತ ಆಸೆ ಆದ್ರೆ 2020ರದ್ದನ್ನೇ ಹುಡುಕಿ, ಅದ್ರ ಎಸ್‌ಎಸ್‌ಡಿ ಬೋರ್ಡಿಗೇ ಬೆಸುಗೆ ಆಗಿರತ್ತೆ, ಹಾಗಾಗಿ 512 ಜಿಬಿಗಿಂತ ಕಮ್ಮಿ ಇದ್ರೆ ಬೇಡ. 2019 ಮತ್ತೆ ಅದಕ್ಕೂ ಹಿಂದಿನದ್ದಾದ್ರೆ ಫ್ಯೂಷನ್ ಡ್ರೈವ್ ಇದ್ಯಾ ಕೇಳಿ, ಅದ್ರಲ್ಲಿ ತಿರುಗೋ ಹಾರ್ಡ್ ಡಿಸ್ಕ್ ಇರತ್ತೆ, ನಿಧಾನ. ಬಿಳಿ ಪುಟ ತೆರೆದು ನಾಲ್ಕೂ ಅಂಚು ನೋಡಿ, ಗುಲಾಬಿ ಛಾಯೆ ಹರಡಿದ್ರೆ ರೇಟ್ ಎಷ್ಟೇ ಇಳಿಸಿದ್ರೂ ಬಿಟ್ಟು ಬನ್ನಿ.