ಡಿಸೆಂಬರ್ ರಾತ್ರಿ ಬರೆದ ಮ್ಯಾಪ್, ಮೇ ಮಧ್ಯಾಹ್ನ ಮುರಿದ ಪಿಸ್ಟನ್: ಟರ್ಬೊ ಕಾರಿಗೆ ಹೊರಗಿನ ಇಸಿಯು ಹಾಕಿಸುವವರ ಗಮನಕ್ಕೆ

ಬಳ್ಳಾರಿಯಲ್ಲಿ ಈ ಮೇ ತಿಂಗಳು ಹಳೇ ಆಕ್ಟೇವಿಯಾ 1.8 ಟರ್ಬೊ ಒಂದರ ಹೆಡ್ ಬಿಚ್ಚಬೇಕಾಯಿತು. ದೂರು ಬಂದದ್ದು ಬ್ಯಾಕ್ ಕಂಪ್ರೆಷನ್ ಅಂತ, ಅಂದರೆ ಉರಿದ ಗಾಳಿ ಪಿಸ್ಟನ್ ದಾಟಿ ಕೆಳಗೆ ಆಯಿಲ್ ಕಡೆಗೆ ನುಗ್ಗುವುದು. ಆಯಿಲ್ ಕ್ಯಾಪ್ ತೆಗೆದರೆ ಬುಸುಬುಸು ಹೊಗೆ, ರೇಸ್ ಕೊಟ್ಟರೆ ಡಿಪ್‌ಸ್ಟಿಕ್ ತಾನೇ ಮೇಲೆದ್ದು ಬರುತ್ತಿತ್ತು. ಕಂಪ್ರೆಷನ್ ಗೇಜ್ ಹಚ್ಚಿ ನೋಡಿದರೆ 1, 2, 4ನೇ ಸಿಲಿಂಡರ್ 11 ಬಾರ್ ಆಸುಪಾಸು, 3ನೆಯದು ಬರೀ 5. ಪ್ಲಗ್ ಬಿಚ್ಚಿದಾಗಲೇ ಅರ್ಧ ಕಥೆ ಗೊತ್ತಾಯಿತು: ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕರಿ ಚುಕ್ಕೆ, ನಡುನಡುವೆ ಸಾಸಿವೆಗಿಂತ ಸಣ್ಣ ಅಲ್ಯೂಮಿನಿಯಂ ಮಣಿಗಳು ಹೊಳೆಯುತ್ತಿದ್ದವು. ಹೆಡ್ ಎತ್ತಿ ಪಿಸ್ಟನ್ ಹೊರಗೆ ತೆಗೆದಾಗ ಉಳಿದದ್ದೂ ಕಂಡಿತು. ರಿಂಗ್ ಲ್ಯಾಂಡ್, ಅಂದರೆ ಎರಡು ರಿಂಗ್‌ಗಳ ನಡುವಿನ ಏಣು, ಹೆಬ್ಬೆರಳ ಉಗುರಿನಷ್ಟು ತುಂಡಾಗಿ ಕಳಚಿತ್ತು.

ಆ ಕಾರಿಗೆ ಡಿಸೆಂಬರ್‌ನಲ್ಲಿ ಕಂಪನಿ ಇಸಿಯು (ಪೆಟ್ರೋಲ್ ಮತ್ತು ಕಿಡಿಯ ಲೆಕ್ಕ ಹಾಕುವ ಎಂಜಿನ್ ಕಂಪ್ಯೂಟರ್) ತೆಗೆದು ಹೊರಗಿನ ಸ್ಟ್ಯಾಂಡ್‌ಅಲೋನ್ ಇಸಿಯು ಕೂರಿಸಿ, 1 ಬಾರ್ ಬೂಸ್ಟ್‌ಗೆ, ಅಂದರೆ ಹೊರಗಿನ ವಾಯುಭಾರದ ಮೇಲೆ ಟರ್ಬೊ ಕೂಡಿಸುವ ಒತ್ತಡಕ್ಕೆ, ಟ್ಯೂನ್ ಮಾಡಲಾಗಿತ್ತು. ರಾತ್ರಿ ರಸ್ತೆ ಖಾಲಿ ಇರುತ್ತದೆ ಅಂತ ಮ್ಯಾಪ್, ಅಂದರೆ ಇಸಿಯು ಒಳಗಿನ ಪೆಟ್ರೋಲ್ ಮತ್ತು ಕಿಡಿಯ ಅಂಕಿಪಟ್ಟಿ, ಪೂರ್ತಿ ರಾತ್ರಿಯೇ ಬರೆದದ್ದು. ಇಸಿಯು ಕೆಟ್ಟಿರಲಿಲ್ಲ, ಇಂಜೆಕ್ಟರ್ ಕೆಟ್ಟಿರಲಿಲ್ಲ, ಪೆಟ್ರೋಲ್ ಪ್ರೆಷರ್ ಸರಿ ಇತ್ತು. ಡ್ಯಾಶ್‌ಬೋರ್ಡ್ ಮೇಲಿನ ವೈಡ್‌ಬ್ಯಾಂಡ್ ಗೇಜ್ ಕೊನೆಯ ದಿನದವರೆಗೂ ಫುಲ್ ಥ್ರಾಟಲ್‌ನಲ್ಲಿ ಲ್ಯಾಂಬ್ಡಾ 0.82 (ಗಾಳಿ-ಪೆಟ್ರೋಲ್ ಸರಿಸಮ ಇದ್ದರೆ 1, ಪೆಟ್ರೋಲ್ ಹೆಚ್ಚಾದರೆ ಅದಕ್ಕಿಂತ ಕಡಿಮೆ) ತೋರಿಸುತ್ತಿತ್ತು. ಮಾಲೀಕರು ಅದನ್ನೇ ನಂಬಿಕೊಂಡಿದ್ದರು. ಮಿಕ್ಶ್ಚರ್ ಸರಿ ಇದ್ದರೆ ಎಂಜಿನ್ ಕ್ಷೇಮ ಅನ್ನುವ ಈ ನಂಬಿಕೆಯೇ ಎಲ್ಲಕ್ಕಿಂತ ಅಪಾಯ.

ಮೊದಲ ತಪ್ಪು ಗಾಳಿಯ ಉಷ್ಣತೆ ಅಳೆಯುವ ಸೆನ್ಸರ್ ಕೂತಿದ್ದ ಜಾಗ. ಅದನ್ನು ಏರ್ ಫಿಲ್ಟರ್ ಪೈಪಿಗೆ, ಅಂದರೆ ಟರ್ಬೊಗಿಂತ ಮುಂಚೆ, ಹಾಕಿದ್ದರು. ಅಲ್ಲಿ ಅದು ಹೊರಗಿನ ಹವೆಯನ್ನಷ್ಟೇ ಅಳೆಯುತ್ತದೆ. ಎಂಜಿನ್ ಒಳಗೆ ಹೋಗುವುದು ಆ ಗಾಳಿಯಲ್ಲ, ಟರ್ಬೊ ಒತ್ತಿ ಕಾಯಿಸಿದ ಗಾಳಿ. ಲೆಕ್ಕ ಹಾಕಿ ನೋಡಿ. ಬಳ್ಳಾರಿ ಸಮುದ್ರಮಟ್ಟದಿಂದ ಸುಮಾರು 485 ಮೀಟರ್ ಎತ್ತರದಲ್ಲಿದೆ, ವಾಯುಭಾರ 95 ಕಿಲೋಪ್ಯಾಸ್ಕಲ್ ಹತ್ತಿರ. 1 ಬಾರ್ ಬೂಸ್ಟ್ ಎಂದರೆ ಗಾಳಿಯನ್ನು ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ಒತ್ತಬೇಕು. ಕಂಪ್ರೆಸರ್ ದಕ್ಷತೆ 70%, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ದಕ್ಷತೆಯೂ 70% ಅಂದುಕೊಂಡರೆ, 20 ಡಿಗ್ರಿ ಹವೆಯಲ್ಲಿ ಟರ್ಬೊದಿಂದ ಗಾಳಿ 115 ಡಿಗ್ರಿಯಲ್ಲಿ ಹೊರಬಿದ್ದು, ಇಂಟರ್‌ಕೂಲರ್ ದಾಟಿ 49ಕ್ಕೆ ಇಳಿಯುತ್ತದೆ. 42 ಡಿಗ್ರಿ ಬಿಸಿಲಲ್ಲಿ ಟರ್ಬೊ ಬಾಯಲ್ಲೇ 145, ಇಂಟರ್‌ಕೂಲರ್ ಆಚೆ 73. ಇಸಿಯುಗೆ ಕಾಣುತ್ತಿದ್ದದ್ದು ಮಾತ್ರ ಆ 42.

ಅದೂ ಇಂಟರ್‌ಕೂಲರ್ ಚೊಕ್ಕವಾಗಿದ್ದರೆ. ಈ ಕಾರಿನಲ್ಲಿ ಅದು ಮುಂದಿನ ಚಕ್ರದ ಪಕ್ಕ ಕೂತಿರುವ ಸಣ್ಣದು. ರೆಕ್ಕೆಗಳ ಸಂದಿಯಲ್ಲಿ ಕೆಂಪು ಅದಿರು ಧೂಳು ಗಾರೆಯಂತೆ ಕಟ್ಟಿತ್ತು. ಕುಡಿತಿನಿ, ತೋರಣಗಲ್ಲು ಕಡೆ ಲಾರಿ ಸಾಲಿನ ಹಿಂದೆ 30ರ ವೇಗದಲ್ಲಿ ತೆವಳಿ, ಸಂದಿ ಸಿಕ್ಕೊಡನೆ ಮೂರನೇ ಗೇರ್‌ನಲ್ಲಿ ಪೂರ್ತಿ ಒತ್ತಿ ಓವರ್‌ಟೇಕ್ ಮಾಡಿದರೆ ಆ ಕ್ಷಣದಲ್ಲಿ ಗಾಳಿ ಎಷ್ಟು ಕಾದಿರುತ್ತದೆ ಯೋಚಿಸಿ. 3,500 ಆರ್‌ಪಿಎಂ, ಗರಿಷ್ಠ ಟಾರ್ಕ್, ಕಾದ ಗಾಳಿ ಮೂರೂ ಕೂಡುವ ಜಾಗ ಅದು. ನಾಕ್, ಅಂದರೆ ಮಿಶ್ರಣ ತಾನಾಗಿಯೇ ಸಿಡಿದು ಪಿಸ್ಟನ್‌ಗೆ ಬಡಿಯುವುದು, ಬರುವುದೂ ಅಲ್ಲೇ.

ಎರಡನೇ ತಪ್ಪು ಟೇಬಲ್‌ನಲ್ಲಿತ್ತು. ಗಾಳಿ ಕಾದಷ್ಟೂ ಇಗ್ನಿಷನ್ ಟೈಮಿಂಗ್ ಹಿಂದೆ ತರಬೇಕು, ಅಂದರೆ ಕಿಡಿ ತುಸು ತಡವಾಗಿ ಬೀಳಬೇಕು. ಆ ತಿದ್ದುಪಡಿ ಟೇಬಲ್ ತೆರೆದರೆ ಎಡದಿಂದ ಬಲದವರೆಗೆ ಸೊನ್ನೆ, ಸೊನ್ನೆ, ಸೊನ್ನೆ. ಯಾರೂ ಅದನ್ನು ಮುಟ್ಟಿಯೇ ಇರಲಿಲ್ಲ. ಇಂಧನದ ಲೆಕ್ಕ ಮಾತ್ರ ಹೆಚ್ಚುಕಡಿಮೆ ಸರಿಹೋಗಿತ್ತು, ಯಾಕೆಂದರೆ ಹವೆ ಏರಿದಂತೆ ಇಸಿಯು ಒಂದಿಷ್ಟು ಪೆಟ್ರೋಲ್ ಕಡಿಮೆ ಮಾಡುತ್ತಲೇ ಇತ್ತು. ಹಾಗಾಗಿ ಗೇಜ್ ಚೆನ್ನಾಗಿಯೇ ಕಂಡಿತು, ಕಿಡಿ ಮಾತ್ರ ಡಿಸೆಂಬರ್ ಚಳಿಯ ಸಮಯಕ್ಕೇ ಬೀಳುತ್ತಿತ್ತು. ಬಿಸಿಲ ಸೀಮೆಗೆ ಆರಂಭಿಕ ಅಂಕಿ ಬೇಕಿದ್ದರೆ: ಗಾಳಿಯ ಉಷ್ಣತೆ 50 ಡಿಗ್ರಿ ಇದ್ದರೆ ಟೈಮಿಂಗ್ 2, 60ಕ್ಕೆ 3, 70ಕ್ಕೆ 5 ಡಿಗ್ರಿ ಹಿಂದೆ. 75 ದಾಟಿದರೆ ಟೈಮಿಂಗ್ ಸಾಲದು, ಬೂಸ್ಟ್ ಕೂಡ ಇಳಿಯಬೇಕು. ಇವು ಆರಂಭಕ್ಕಷ್ಟೇ, ಅಂತಿಮ ಅಂಕಿಗಳನ್ನು ನಿಮ್ಮ ಎಂಜಿನ್‌ನ ನಾಕ್ ಲಾಗ್ ನೋಡಿಯೇ ಇಡಬೇಕು.

ಆದರೆ ನಾಕ್ ಲಾಗ್ ಎಲ್ಲಿಂದ ಬರಬೇಕು? ಬ್ಲಾಕ್ ಮೇಲೆ ಕಂಪನಿಯ ಎರಡು ನಾಕ್ ಸೆನ್ಸರ್ ಇದ್ದವು. ಹಾರ್ನೆಸ್ ಬಿಡಿಸಿದಾಗ ಅವುಗಳ ವೈರ್‌ಗಳ ತುದಿಗೆ ಕರಿ ಟೇಪ್ ಸುತ್ತಿ ಹಾಗೇ ಒಳಗೆ ಮಡಚಿಟ್ಟಿದ್ದರು. ಇದನ್ನು ಕ್ಷಮಿಸಲು ಆಗುವುದಿಲ್ಲ. ಕಂಪನಿ ಇಸಿಯು ಯಾವ ಸಿಲಿಂಡರ್ ಬಡಿಯುತ್ತದೋ ಆ ಸಿಲಿಂಡರಿನ ಕಿಡಿಯನ್ನು ತಕ್ಷಣ ಹಿಂದೆ ತರುತ್ತದೆ. ಆ ಕಾವಲು ಕಿತ್ತು, ಬೂಸ್ಟ್ ಏರಿಸಿ, ಮಾಲೀಕರಿಗೆ ಒಂದು ಮಾತೂ ಹೇಳದೆ ಕೀ ಕೊಟ್ಟು ಕಳಿಸಿದ್ದಾರೆ. ಈ ಸೆನ್ಸರ್ ಜೋಡಿಸುವುದು ದೊಡ್ಡ ಕೆಲಸವೇನಲ್ಲ. ಬೋಲ್ಟ್ 20 ನ್ಯೂಟನ್ ಮೀಟರ್ ಬಿಗಿ, ಕೆಳಗೆ ವಾಷರ್ ಬೇಡ, ಬಣ್ಣ ತುಕ್ಕು ಉಜ್ಜಿದ ಬರಿ ಲೋಹದ ಮೇಲೆ ಕೂರಬೇಕು. ಶೀಲ್ಡ್ ವೈರ್, ಅದರ ಜಾಲರಿಗೆ ಇಸಿಯು ಕಡೆ ಮಾತ್ರ ಅರ್ಥ್. 1800ನ್ನು ಪೈ ಮತ್ತು ಬೋರ್‌ನ (ಸಿಲಿಂಡರಿನ ಒಳವ್ಯಾಸ, ಮಿಲಿಮೀಟರಿನಲ್ಲಿ) ಗುಣಲಬ್ಧದಿಂದ ಭಾಗಿಸಿದರೆ ಸೆನ್ಸರ್ ಕೇಳಬೇಕಾದ ನಾಕ್ ಸದ್ದಿನ ಆವರ್ತನ ಕಿಲೋಹರ್ಟ್ಸ್‌ನಲ್ಲಿ ಸಿಗುತ್ತದೆ. ಈ ಎಂಜಿನ್‌ನ 81 ಮಿಲಿಮೀಟರ್ ಬೋರ್‌ಗೆ ಅದು 7 ಕಿಲೋಹರ್ಟ್ಸ್.

ಹೊರಗಿನ ಇಸಿಯು ಹಾಕಿಸುತ್ತಿದ್ದರೆ ಬಾಕಿ ಹಣ ಕೊಡುವ ಮುಂಚೆ ಲ್ಯಾಪ್‌ಟಾಪ್ ಮುಂದೆ ಕೂತು ಇಷ್ಟನ್ನು ಕಣ್ಣಾರೆ ನೋಡಿ. ಬೆಳಿಗ್ಗೆ ತಣ್ಣಗಿರುವ ಎಂಜಿನ್‌ಗೆ ಕೀ ಮಾತ್ರ ಆನ್ ಮಾಡಿದಾಗ ಕೂಲಂಟ್ ಮತ್ತು ಗಾಳಿಯ ಉಷ್ಣತೆ ಎರಡೂ ಒಂದೇ ಇರಬೇಕು. ಹತ್ತು ಡಿಗ್ರಿ ಅಂತರ ಇದ್ದರೆ ಸೆನ್ಸರ್‌ದು ಒಂದು, ಇಸಿಯುನಲ್ಲಿ ಆರಿಸಿದ ಪಟ್ಟಿ ಇನ್ನೊಂದು. ಬಾಷ್ ಸೆನ್ಸರ್ 20 ಡಿಗ್ರಿಯಲ್ಲಿ 2.5 ಕಿಲೋಓಮ್, ಜಿಎಂ ಮಾದರಿಯದು 3.5. ಅದೇ ಹೊತ್ತಿಗೆ ಮ್ಯಾಪ್ ಸೆನ್ಸರ್ (ಇದು ಮ್ಯಾನಿಫೋಲ್ಡ್ ಒತ್ತಡ ಅಳೆಯುವುದು, ಮೇಲಿನ ಮ್ಯಾಪ್ ಬೇರೆ) 95 ಕಿಲೋಪ್ಯಾಸ್ಕಲ್ ಆಸುಪಾಸು ತೋರಿಸಬೇಕು. 101 ಅಂದರೆ ಬಳ್ಳಾರಿಯ ಅಂಕಿಯಲ್ಲ ಅದು. ಆಮೇಲೆ ರಸ್ತೆಯಲ್ಲಿ ಒಂದು ಫುಲ್ ಥ್ರಾಟಲ್ ಓಟದ ಲಾಗ್ ತೆಗೆಸಿ. ಓಟದ ಉದ್ದಕ್ಕೂ ಗಾಳಿಯ ಉಷ್ಣತೆ ಅಲ್ಲಾಡದೆ ನಿಂತಿದ್ದರೆ ಸೆನ್ಸರ್ ತಪ್ಪು ಜಾಗದಲ್ಲಿದೆ, ಇಂಟರ್‌ಕೂಲರ್ ಆಚೆಗೆ ಹಾಕಿಸಿ. ಆರ್‌ಪಿಎಂ ಏರಿದಂತೆ ನಾಕ್ ಚಾನೆಲ್‌ನ ಸದ್ದೂ ಏರಬೇಕು. ಸೊನ್ನೆಯಲ್ಲೇ ಮಲಗಿದ್ದರೆ ವೈರ್ ಹಾಕಿಲ್ಲ. ಟೈಮಿಂಗನ್ನು 10 ಡಿಗ್ರಿಗೆ ಲಾಕ್ ಮಾಡಿಸಿ ಟೈಮಿಂಗ್ ಲೈಟ್ ಹಿಡಿಸಿ. ಐಡಲ್‌ನಲ್ಲೂ 4,000ದಲ್ಲೂ ಗುರುತು ಒಂದೇ ಕಡೆ ನಿಲ್ಲಬೇಕು. ಜರುಗಿದರೆ ಬಹುತೇಕ ಕ್ರ್ಯಾಂಕ್ ಸೆನ್ಸರ್‌ನ ಎರಡು ವೈರ್ ಅದಲುಬದಲು.

ಪೆಟ್ರೋಲ್ ಬಗ್ಗೆಯೂ ಒಂದು ಮಾತು. ಈಗ ಬಂಕ್‌ನಲ್ಲಿ ಸಿಗುವುದು ಇ20, ಅಂದರೆ 20% ಎಥನಾಲ್ ಬೆರೆತದ್ದು. ಶುದ್ಧ ಪೆಟ್ರೋಲ್‌ಗೆ 14.7 ಇದ್ದ ಗಾಳಿ-ಇಂಧನ ಅನುಪಾತ ಇದಕ್ಕೆ 13.5 ಆಸುಪಾಸು. ಇ10 ಕಾಲದ ಮ್ಯಾಪ್ ಹಾಗೇ ಓಡುತ್ತಿದ್ದು, ವೈಡ್‌ಬ್ಯಾಂಡ್ ನೋಡಿ ಇಸಿಯು ತಿದ್ದಿಕೊಳ್ಳುವ ವ್ಯವಸ್ಥೆ ಇಲ್ಲದಿದ್ದರೆ, ಮಿಕ್ಶ್ಚರ್ ನಾಲ್ಕು ಶೇಕಡಾ ತೆಳುವಾಗಿರುತ್ತದೆ. ಗೇಜನ್ನು ಲ್ಯಾಂಬ್ಡಾದಲ್ಲೇ ಓದಿ, ಅನುಪಾತದಲ್ಲಿ ಬೇಡ. ಪ್ಲಗ್ ಒಂದು ದರ್ಜೆ ತಣ್ಣಗಿನದು, ಗ್ಯಾಪ್ 0.7 ಮಿಲಿಮೀಟರ್. ತೆರೆದ ಕೋನ್ ಫಿಲ್ಟರ್ ಅಂತೂ ನಮ್ಮ ಅದಿರು ಧೂಳಿನ ರಸ್ತೆಗೆ ಬೇಡವೇ ಬೇಡ. ಬಾನೆಟ್ ಕೆಳಗಿನ ಬಿಸಿ ಗಾಳಿ ಎಳೆಯುತ್ತದೆ, ಅದು ಒಳಗೆ ಬಿಡುವ ಧೂಳು ಕಂಪ್ರೆಸರ್ ಬ್ಲೇಡಿನ ಅಂಚು ಸವೆಸುತ್ತದೆ. ಕಂಪನಿ ಬಾಕ್ಸ್, ಕಾಗದದ ಫಿಲ್ಟರ್ ಸಾಕು.

ಕಾನೂನನ್ನೂ ತಿಳಿದಿರಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ವಾಹನ ಮಾರ್ಪಾಡಿಗೆ ಮಿತಿ ಹಾಕುತ್ತದೆ. 2019ರ ತಿದ್ದುಪಡಿಯ 182ಎ ಪ್ರಕಾರ, ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ ₹5,000 ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ವಿಮೆಯವರಿಗೆ ತಿಳಿಸದ ಮಾರ್ಪಾಡು ಕ್ಲೇಮ್ ತಿರಸ್ಕಾರಕ್ಕೆ ಕಾರಣವಾಗಬಹುದು.

ಈ ಕಾರಿನ ಮ್ಯಾಪ್‌ಗೆ ಪಾಸ್‌ವರ್ಡ್ ಹಾಕಿ ಲಾಕ್ ಮಾಡಿದ್ದರು. ಅದು ಸಿಗಲು ಹದಿನೈದು ದಿನ ಹಿಡಿಯಿತು, ಅಲ್ಲಿಯವರೆಗೆ ಆ ಸೊನ್ನೆಗಳು ಯಾರ ಕಣ್ಣಿಗೂ ಬೀಳಲಿಲ್ಲ. ಮ್ಯಾಪ್ ಫೈಲ್, ಪಾಸ್‌ವರ್ಡ್, ಯಾವ ಪಿನ್‌ಗೆ ಯಾವ ವೈರ್ ಅನ್ನುವ ಚಿತ್ರ, ಈ ಮೂರೂ ಕೈಗೆ ಬರುವವರೆಗೆ ಕಾರು ವಾಪಸ್ ತೆಗೆದುಕೊಳ್ಳಬೇಡಿ. ಈಗಾಗಲೇ ಹಾಕಿಸಿ ಓಡಿಸುತ್ತಿರುವವರು, ಮೇಲಿನ ಪರೀಕ್ಷೆ ಮುಗಿಯುವವರೆಗೆ ಬೂಸ್ಟ್ ಸೊಲೆನಾಯ್ಡ್‌ನ (ಬೂಸ್ಟ್ ಏರಿಸುವ ವಿದ್ಯುತ್ ವಾಲ್ವ್) ವೈರ್ ಕನೆಕ್ಟರ್ ಕಿತ್ತಿಡಿ. ಪೈಪ್ ಸರಿಯಾಗಿ ಜೋಡಿಸಿದ್ದರೆ ಬೂಸ್ಟ್ ವೇಸ್ಟ್‌ಗೇಟ್ (ಟರ್ಬೊ ಒತ್ತಡಕ್ಕೆ ಮಿತಿ ಹಾಕುವ ಬಾಗಿಲು) ಸ್ಪ್ರಿಂಗಿನ ಮಟ್ಟಕ್ಕೆ ಇಳಿಯುತ್ತದೆ. ಪಿಕಪ್ ಸಪ್ಪೆ ಅನ್ನಿಸುತ್ತದೆ, ಅಷ್ಟೇ. ಗೇಜ್ ನೋಡಿ ಇಳಿದಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ಹೊಸಪೇಟೆ ರಸ್ತೆ ಹಿಡಿಯಿರಿ.